ಅವರಿಗೂ ಯೋಚನೆ ಹತ್ತಿತ್ತಂತೆ

ಪೇಪರಿನ ಒಳಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಯಾವುದೋ ದೇಶ, ಚುನಾವಣೆ, ಗಲಾಟೆ, ಗೋಲಿಬಾರ್, ಸಾವಿರಾರು ಜನರ ಬಂಧನ. ದೇಶ ಬೇರೆಯಾದರೂ ಕೊನೆಯ ಸಾಲು ಅದೇ: ರಾಯಭಾರ ಕಚೇರಿಗಳು ಕಳವಳ ವ್ಯಕ್ತಪಡಿಸಿವೆ. ಆ ಸಾಲು ಕಂಡರೆ ನಮ್ಮ ಮನೆಯವರು ಪೇಪರ್ ಮಡಿಸಿ "ಅಸಾಸ್ಬೋನಾಲ್" ಅಂತಾರೆ. ನಾನೂ ಅಡುಗೆಮನೆಯಿಂದ "ಅಸಾಸ್ಬೋನಾಲ್" ಅಂತೀನಿ. ಮಗಳಿಗೆ ಸಿಟ್ಟು ಬರುತ್ತದೆ. ಇದೇನು ತಮಾಷೆ ಮಾಡೋ ವಿಷಯನಾ ಅಂತ ಕಳೆದ ತಿಂಗಳು ಜೋರಾಗೇ ಕೇಳಿದಳು. ಆ ಶಬ್ದ ಇಥಿಯೋಪಿಯಾದ್ದು. ನಾವು ಅಲ್ಲಿ ಅದನ್ನು ಕಲಿತಾಗ ಅವಳಿಗೆ ಆರು ವರ್ಷ, ನೆನಪಿರೋದು ಗೇಟಿನ ಹತ್ತಿರದ ಬೆಕ್ಕು ಮಾತ್ರ. ಅವಳಿಗೆ ಹೇಳಬೇಕೆಂದು ಕೂತದ್ದು ಇಷ್ಟುದ್ದ ಆಯಿತು.

2003ರಿಂದ 2008ರವರೆಗೆ ನಾವು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬದಲ್ಲಿದ್ದೆವು. ಇವರು ಅಲ್ಲಿನ ವಿಶ್ವವಿದ್ಯಾಲಯದ ತಾಂತ್ರಿಕ ವಿಭಾಗದಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದರು. ಅದು ಇರೋದು ಅಮಿಸ್ತ್ ಕಿಲೊದಲ್ಲಿ, ಅಂದರೆ ಐದು ಕಿಲೊ. ಕೆಳಗೆ ಅರಾತ್ ಕಿಲೊ, ನಾಲ್ಕು. ಮೇಲೆ ಸಿದಿಸ್ತ್ ಕಿಲೊ, ಆರು. ಎಲ್ಲ ಅಲ್ಲಿನ ಏರಿಯಾಗಳ ಹೆಸರು. ಇಥಿಯೋಪಿಯಾಕ್ಕೆ ಭಾರತದ ಮೇಷ್ಟ್ರುಗಳು ಹೊಸಬರಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ನಮ್ಮವರು, ಅದರಲ್ಲೂ ಕೇರಳದವರು, ಅಲ್ಲಿನ ಹಳ್ಳಿಹಳ್ಳಿಯ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟಿದ್ದಾರೆ. ಐವತ್ತು ದಾಟಿದ ಟ್ಯಾಕ್ಸಿ ಡ್ರೈವರ್ ಸಿಕ್ಕರೆ "ನನ್ನ ಮೇಷ್ಟ್ರೂ ಇಂಡಿಯಾದವರೇ, ಬಹಳ ಹೊಡೆಯುತ್ತಿದ್ದರು" ಅಂತ ಪ್ರೀತಿಯಿಂದ ಹೇಳುತ್ತಿದ್ದ.

ನಮ್ಮ ಬಾಡಿಗೆ ಮನೆ ಇದ್ದದ್ದು ಫೆರೆನ್ಸಾಯ್ ಲೆಗಾಸಿಯೋನ್ ಅನ್ನುವ ಕಡೆ. ಫ್ರೆಂಚರ ರಾಯಭಾರ ಕಚೇರಿ ಇರುವುದರಿಂದ ಆ ಏರಿಯಾಕ್ಕೆ ಆ ಹೆಸರು. ನೀಲಿ-ಬಿಳಿ ಮಿನಿಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಹುಡುಗ, ಅವನಿಗೆ ವೆಯಾಲಾ ಅನ್ನುತ್ತಾರೆ, "ಫೆರೆನ್ಸಾಯ್ ಫೆರೆನ್ಸಾಯ್ ಫೆರೆನ್ಸಾಯ್" ಅಂತ ಕೂಗುತ್ತಿದ್ದ. ನಮ್ಮ ಹಳೇ ಬಸ್‌ಸ್ಟ್ಯಾಂಡಿನಲ್ಲಿ "ಧಾರ್ವಾಡಾ ಧಾರ್ವಾಡಾ" ಅಂದಂತೆಯೇ. ರಾಯಭಾರಿಯ ಹೆಸರಿನ ಬಡಾವಣೆ ಅಂದರೆ ಶ್ರೀಮಂತರ ಜಾಗ ಅಂದುಕೊಳ್ಳಬೇಡಿ. ಗೋಡೆಯ ಒಳಗೆ ಅವರ ತೋಪು, ಹೊರಗೆ ಮಣ್ಣಿನ ಗೋಡೆ-ತಗಡಿನ ಮನೆಗಳು, ಎಂತೋಟೊ ಗುಡ್ಡದಿಂದ ನೀಲಗಿರಿ ಸೌದೆ ಹೊತ್ತು ಬೆನ್ನು ಬಾಗಿಸಿ ಇಳಿಯುವ ಹೆಂಗಸರು.

ಅಲ್ಲಿ ಬದುಕೋದಕ್ಕೆ ಮೊದಲು ಗಡಿಯಾರ ಮರೆಯಬೇಕು. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ವರ್ಷವೂ ಏಳೆಂಟು ಹಿಂದೆ. ನಮಗೆ 2005 ಆದಾಗ ಅವರದು 1997. ಆ ವರ್ಷದ ಚುನಾವಣೆಗೆ ಇವತ್ತಿಗೂ ಅವರು "ಮಿರ್ಚಾ 97" ಅನ್ನುತ್ತಾರೆ. ಮಿರ್ಚಾ ಅಂದರೆ ಚುನಾವಣೆ. ಹುಬ್ಬಳ್ಳಿಯಲ್ಲಿ ಹುಟ್ಟಿದವಳಿಗೆ ಮಿರ್ಚಿ ಅಂದರೆ ಮಂಡಕ್ಕಿ ಜೊತೆ ತಿನ್ನೋದು. ಹಾಗಾಗಿ ಮನೆಯಲ್ಲಿ ಸ್ವಲ್ಪ ದಿನ ಅದೇ ನಗೆಯಾಗಿತ್ತು.

ಚುನಾವಣೆಯ ಮುಂಚಿನ ಆ ಎರಡು ತಿಂಗಳು ನೋಡಬೇಕಿತ್ತು. ಸರ್ಕಾರದ ಟಿವಿಯಲ್ಲಿ ಮಂತ್ರಿಗಳೂ ವಿರೋಧಿಗಳೂ ಎದುರುಬದುರು ಕೂತು ವಾದ ಮಾಡುತ್ತಿದ್ದರು. ಚಹಾ ಅಂಗಡಿಗಳಲ್ಲಿ ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು, ಅವರ ದೇಶದಲ್ಲಿ ಇಂಥದ್ದು ಅದೇ ಮೊದಲು. ಪ್ರಧಾನಿ ಮೆಲೆಸ್ ಝೆನಾವಿಯ ಪಕ್ಷದ ಗುರುತು ಜೇನುಹುಳ. ವಿರೋಧಿಗಳ ಒಕ್ಕೂಟ ಕಿನಿಜಿತ್‌ನದು ಎತ್ತಿದ ಎರಡು ಬೆರಳು. ಮೇ 8ರಂದು ಮೆಸ್ಕೆಲ್ ಚೌಕದಲ್ಲಿ ಕಿನಿಜಿತ್ ಸಭೆಗೆ ಊರಿಗೆ ಊರೇ ಇಳಿಯಿತು. ಮನೆಗೆಲಸ ಮಾಡುತ್ತಿದ್ದ ಹೆಂಗಸಿನ ಮಗ ಸಂಜೆ ಬಂದಾಗ ಗಂಟಲು ಕೂತಿತ್ತು, ಎರಡು ಬೆರಳು ಮಾತ್ರ ಇನ್ನೂ ಎತ್ತೇ ಇದ್ದವು.

ಮೇ 15ರಂದು ಮತದಾನ. ರಾಜಧಾನಿಯ 23 ಸಂಸತ್ ಸ್ಥಾನಗಳೂ ವಿರೋಧಿಗಳಿಗೆ. ನಗರಸಭೆಯ 138ರಲ್ಲಿ 137. ಆದರೆ ಅದೇ ರಾತ್ರಿ ಮೆಲೆಸ್ ಟಿವಿಯಲ್ಲಿ ಬಂದು ರಾಜಧಾನಿಯಲ್ಲಿ ಒಂದು ತಿಂಗಳು ಸಭೆ-ಮೆರವಣಿಗೆ ಇಲ್ಲ ಅಂದ. ದೇಶದ ಒಟ್ಟು ಎಣಿಕೆಯಲ್ಲಿ ಅವನ ಪಕ್ಷವೇ ಗೆದ್ದಿತು ಅಂದರು, ವಿರೋಧಿಗಳು ಕದ್ದಿರಿ ಅಂದರು. ಜೂನ್‌ನಲ್ಲಿ ವಿದ್ಯಾರ್ಥಿಗಳ ಬಂಧನ, 8ನೇ ತಾರೀಖು ಗೋಲಿಬಾರ್. ಮೊಬೈಲಿನ ಮೆಸೇಜು ನಿಂತುಹೋಯಿತು. ಇಂದು ನಿಲ್ಲಿಸಿ ನಾಳೆ ಬಿಡುತ್ತಾರೆ ಅಂದುಕೊಂಡಿದ್ದು, 2007ರ ಸೆಪ್ಟೆಂಬರ್ ತನಕ ಬರಲೇ ಇಲ್ಲ.

ಆ ತಿಂಗಳುಗಳಲ್ಲಿ ಒಂದು ಹೆಸರು ಎಲ್ಲರ ಬಾಯಲ್ಲಿತ್ತು. ಐರೋಪ್ಯ ಒಕ್ಕೂಟದ ಚುನಾವಣಾ ವೀಕ್ಷಕರ ಮುಖ್ಯಸ್ಥೆ, ಪೋರ್ಚುಗಲ್‌ನ ಅನಾ ಗೋಮೆಸ್. ಎಣಿಕೆ ಸರಿಯಿಲ್ಲ ಎಂದು ಆಕೆ ನೇರವಾಗಿ ಹೇಳಿದ್ದಕ್ಕೆ ಜನ ಆಕೆಯ ಹೆಸರನ್ನೇ ತಿರುಚಿ ಅನಾ ಗೊಬೆಜೆ ಅಂತ ಮಾಡಿಕೊಂಡರು. ಗೊಬೆಜ್ ಅಂದರೆ ಗಟ್ಟಿಗ. ಮೆಲೆಸ್‌ಗೆ ಎಷ್ಟು ಉರಿದಿತ್ತೆಂದರೆ ಸರ್ಕಾರಿ ಇಂಗ್ಲಿಷ್ ಪತ್ರಿಕೆಗೆ ತಾನೇ ಪುಟಗಟ್ಟಲೆ ಉತ್ತರ ಬರೆದ. ಪ್ರಧಾನಿ ಸಂಪಾದಕರಿಗೆ ಪತ್ರ ಬರೆಯೋದನ್ನು ನಾನು ಕಂಡದ್ದು ಅದೊಂದೇ ಸಲ. ಇವರು ಅದನ್ನು ಓದಿ, ಮನುಷ್ಯ ಬುದ್ಧಿವಂತ, ಇಂಥವರ ಜೊತೆ ವಾದ ಕಷ್ಟ ಅಂದಿದ್ದರು.

ಇನ್ನು ನವೆಂಬರ್ 1. ಆ ವರ್ಷ ರಾಜ್ಯೋತ್ಸವ, ದೀಪಾವಳಿ ಎರಡೂ ಒಂದೇ ದಿನ ಬಿದ್ದಿದ್ದವು, ಮಂಗಳವಾರ. ಊರಲ್ಲಿದ್ದ ನಾಲ್ಕೈದು ಕನ್ನಡದ ಮನೆಯವರು ಸಂಜೆ ಒಬ್ಬರ ಮನೆಯಲ್ಲಿ ಸೇರುವುದು, ಒಬ್ಬರು ಬಿಸಿಬೇಳೆಭಾತು, ನಾನು ಬೇಸನ್ ಉಂಡಿ ಎಂದು ಮಾತಾಗಿತ್ತು. ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದುಕೊಂಡು, ಇವರಿಗೆ ಆರತಿ ಮಾಡಿ, ಮಗಳಿಗೆ ಹೊಸ ಫ್ರಾಕು ಹಾಕಿದ್ದೆ. ಮನೆಗೆಲಸದವರನ್ನು ನಾನು ಎತ್ಯೆ ಅಂತ ಕರೆಯುತ್ತಿದ್ದೆ. ನಮ್ಮಲ್ಲಿ ಅಕ್ಕಾರ ಅಂದಂತೆ, ದೊಡ್ಡ ಹೆಂಗಸರಿಗೆ ಕೊಡುವ ಮರ್ಯಾದೆ. ಎತ್ಯೆ ಬಂದವಳೇ, ಮರ್ಕಾಟೊ ಮಾರುಕಟ್ಟೆಯಲ್ಲಿ ಗಲಾಟೆ ಶುರುವಾಗಿದೆ ಅಂದಳು. ಟ್ಯಾಕ್ಸಿಯವರು ಪ್ರತಿಭಟನೆಗೆ ಹಾರ್ನ್ ಹೊಡೆಯುತ್ತಿರುವುದು, ಪೊಲೀಸರು ಅವರನ್ನು ಹಿಡಿಯುತ್ತಿರುವುದು ಹಿಂದಿನ ದಿನವೇ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಿನಿಬಸ್ಸು ನಿಂತವು. "ಫೆರೆನ್ಸಾಯ್" ಕೂಗು ಇಲ್ಲದ ರಸ್ತೆಯನ್ನು ಅವತ್ತೇ ಕೇಳಿದ್ದು.

ಮರುದಿನ ಹತ್ತಿರದಲ್ಲೇ ಗುಂಡು. ದೀಪಾವಳಿ ಅಂದಮೇಲೆ ಪಟಾಕಿ ಅಂದುಕೊಂಡಿರೇನು ಅಂತ ಊರಲ್ಲಿ ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಪಟಾಕಿ ಸರ ಹಚ್ಚಿದ ಮೇಲೆ ಯಾರಾದರೂ ನಗುತ್ತಾರೆ, ಓಡುವ ಹುಡುಗರ ಚಪ್ಪಲಿ ಸದ್ದು ಕೇಳುತ್ತದೆ. ಇಲ್ಲಿ ಆಮೇಲೆ ಏನೂ ಕೇಳಲಿಲ್ಲ. ಅವ್ವ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳು. ಅವಳ ತಲೆಯಲ್ಲಿದ್ದದ್ದು ನಾಲ್ಕು ದಿನದ ಹಿಂದಿನ ದಿಲ್ಲಿ ಬಾಂಬು. "ಅಲ್ಲೇ ಇರ್ರಿ, ಇಲ್ಲಿ ಕಾಲ ಛಲೋ ಇಲ್ಲ" ಅಂದಳು. ಹೂಂ ಅವ್ವಾ ಅಂದೆ.

ಕಿನಿಜಿತ್‌ನ ನಾಯಕರನ್ನೆಲ್ಲ ಎತ್ತಿಕೊಂಡು ಹೋದರು. ಅಧ್ಯಕ್ಷ ಹೈಲು ಶಾವುಲ್, ನ್ಯಾಯಾಧೀಶೆಯಾಗಿದ್ದ ಬಿರ್ತುಕಾನ್ ಮಿದೆಕ್ಸಾ, ರಾಜಧಾನಿಯ ಮೇಯರ್ ಆಗಬೇಕಿದ್ದ ಬೆರ್ಹಾನು ನೆಗಾ, ಪತ್ರಕರ್ತರು. ಜೊತೆಗೆ ಎಪ್ಪತ್ತೈದರ ಆಸುಪಾಸಿನ ಮೆಸ್ಫಿನ್ ವೊಲ್ಡೆಮರಿಯಂ. ಮೆಸ್ಫಿನ್ ಭೂಗೋಳದ ಮೇಷ್ಟ್ರು. ಹಿಡಿದವರ ಹೆಸರು, ಸತ್ತವರ ಹೆಸರು ಪಟ್ಟಿ ಮಾಡುತ್ತಿದ್ದ ಇಥಿಯೋಪಿಯಾದ ಮಾನವ ಹಕ್ಕುಗಳ ಮಂಡಳಿಯನ್ನು ಕಟ್ಟಿದವರು. ಈ ಸಂಗತಿ ಮುಂದೆ ಬೇಕಾಗುತ್ತದೆ.

3ನೇ ತಾರೀಖು ರಂಜಾನ್ ಹಬ್ಬ. ಅವತ್ತು ರಾತ್ರಿ ನಮ್ಮ ಓಣಿಗೆ ಬಂದರು. ಫೆಡರಲ್ ಪೊಲೀಸರು, ಜೊತೆಗೆ ಮನೆ ತೋರಿಸಲು ಕೆಬೆಲೆಯ, ಅಂದರೆ ವಾರ್ಡಿನ, ಮನುಷ್ಯ. ಎತ್ಯೆಯೂ ಮಗನೂ ನಮ್ಮ ಹಿತ್ತಲ ಕೋಣೆಯಲ್ಲೇ ಇದ್ದರು. ಹುಡುಗನಿಗೆ ಹದಿನೇಳು, ಹತ್ತನೇ ಕ್ಲಾಸು, ತುಸು ಒರಟ, ನನ್ನ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ಇವರು ಗೇಟಿಗೆ ಅಡ್ಡ ನಿಂತರು. ಅಧಿಕಾರಿ ಬಹಳ ಮರ್ಯಾದೆಯಿಂದ, ಇಂಗ್ಲಿಷಿನಲ್ಲಿ, ಒಳಗೆ ಹೋಗಿ ಸರ್, ಇದು ನಿಮಗಲ್ಲ ಅಂದ. ಇವರು ಪಕ್ಕಕ್ಕೆ ಸರಿದರು. ಇಪ್ಪತ್ತು ವರ್ಷದಲ್ಲಿ ಆ ಎರಡು ಹೆಜ್ಜೆಯ ಬಗ್ಗೆ ಇವರು ಒಮ್ಮೆಯೂ ಮಾತಾಡಿಲ್ಲ, ನಾನೂ ಕೇಳಿಲ್ಲ. ಇದನ್ನು ಹಾಕುವ ಮುಂಚೆ ಓದಲು ಕೊಟ್ಟೆ. ಇರಲಿ ಬಿಡು ಅಂದರು.

ಲಾರಿಯಲ್ಲಿ ತುಂಬಿ ಒಯ್ದರು. ಮೊದಲು ಕೊಲ್ಫೆಯ ಪೊಲೀಸ್ ತರಬೇತಿ ಶಾಲೆ, ಅಲ್ಲಿಂದ ದೆದೆಸಾ ಅಂತ ಸುದ್ದಿ ಬಂತು. ದೆದೆಸಾ ಪಶ್ಚಿಮದ ತಗ್ಗಿನಲ್ಲಿರುವ ಹಳೇ ಮಿಲಿಟರಿ ಕ್ಯಾಂಪು, ಮಲೇರಿಯಾ ಸೀಮೆ. ಎತ್ತರದ ಅಡಿಸ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಸೊಳ್ಳೆಯ ಅಭ್ಯಾಸವೇ ಇಲ್ಲ. ಇಂಥ ಹುಡುಗರಿಗೆ ಸರ್ಕಾರ ಇಟ್ಟ ಹೆಸರು "ಅದೆಗೆನ್ಯಾ ಬೊಜೆನೆ", ಅಪಾಯಕಾರಿ ಪೋಲಿಗಳು. ಅಲೆಮಾರಿಗಳನ್ನು ಹಿಡಿಯಲು ಹಿಂದಿನ ವರ್ಷವೇ ಕಾನೂನೂ ಮಾಡಿಟ್ಟುಕೊಂಡಿದ್ದರು. ಆ ಕೆಲವು ವಾರಗಳಲ್ಲಿ ಹಿಡಿದದ್ದು ಒಟ್ಟು ಮೂವತ್ತು ಸಾವಿರ ಎಂದು ಆಮೇಲೆ ಸಂಸತ್ತು ನೇಮಿಸಿದ ವಿಚಾರಣಾ ಆಯೋಗದ ಲೆಕ್ಕದಲ್ಲೇ ಬಂತು. ಜೂನ್, ನವೆಂಬರ್ ಸೇರಿ ಸತ್ತ ನಾಗರಿಕರು 193. ಪೊಲೀಸರೂ ಸತ್ತಿದ್ದರು, ಆರು. ಕಲ್ಲು ತೂರಿದ್ದು, ಬಸ್ಸಿಗೆ ಬೆಂಕಿ ಇಟ್ಟದ್ದು ಸುಳ್ಳಲ್ಲ, ನಾನೇ ಸುಟ್ಟ ಬಸ್ಸು ನೋಡಿದ್ದೇನೆ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಅತಿಯಾದ ಬಲ ಬಳಸಿದ್ದಾರೆ ಎಂದು ಆಯೋಗದೊಳಗೆ ಮೊದಲು ಎಂಟಕ್ಕೆ ಎರಡು ಮತದಲ್ಲಿ ತೀರ್ಮಾನವಾಗಿತ್ತು. ಅದನ್ನು ಬದಲಿಸಿ ಎಂಬ ಒತ್ತಡ ಬಂದಾಗ ಆಯೋಗದ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ದೇಶ ಬಿಟ್ಟು ಓಡಿದರು. ಇಬ್ಬರೂ ನ್ಯಾಯಾಧೀಶರು.

ಈಗ ಆ ಶಬ್ದಕ್ಕೆ ಬರುತ್ತೇನೆ. ರಾತ್ರಿ ಮೂರು ಗಂಟೆಗೆ, ನಮ್ಮ ಲೆಕ್ಕದಲ್ಲಿ ಒಂಬತ್ತಕ್ಕೆ, ವಾಯ್ಸ್ ಆಫ್ ಅಮೆರಿಕದ ಅಮ್ಹಾರಿಕ್ ಸುದ್ದಿ. ಊರೆಲ್ಲ ದನಿ ತಗ್ಗಿಸಿಕೊಂಡು ಕೇಳುತ್ತಿತ್ತು. ಆ ವಾರ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಸೇರಿ ಒಂದು ಹೇಳಿಕೆ ಕೊಟ್ಟಿದ್ದವು: ಗೋಲಿಬಾರ್ ತಪ್ಪು, ಬಂಧಿತರನ್ನು ಬಿಡಿ, ತನಿಖೆ ಆಗಲಿ. ಎತ್ಯೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ರೇಡಿಯೊಗೆ ಕಿವಿ ಹಚ್ಚಿ, ಒಂದು ಶಬ್ದವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಅಸಾಸ್ಬೋನಾಲ್. ಏನು ಹಂಗಂದರೆ ಅಂದೆ. ತಲೆ ಮುಟ್ಟಿ ತೋರಿಸಿದಳು. ಅಸ್ಸೆಬೆ ಅಂದರೆ ಯೋಚಿಸು. ಅಸಾಸ್ಬೋನಾಲ್ ಅಂದರೆ, ಅದು ನಮ್ಮನ್ನು ಯೋಚನೆಗೆ ಹಚ್ಚಿದೆ.

ನಮ್ಮ ಹುಬ್ಬಳ್ಳಿ ಕಡೆಯೂ ಹಾಗೇ. ಬೆಂಗಳೂರಿನವರಿಗೆ ಯೋಚನೆ ಅಂದರೆ ಬರೀ ವಿಚಾರ ಇರಬಹುದು. ನಮಗೆ ಅದೇ ಚಿಂತೆ, ಅದೇ ಕಳವಳ. "ಯೋಚನಿ ಮಾಡಬ್ಯಾಡ" ಅಂದರೆ ಹೆದರಬೇಡ ಅಂತ. ರಾಯಭಾರಿಗಳಿಗೆ ಯೋಚನೆ ಹತ್ತಿದೆಯಂತೆ ಅಂತ ಇವರಿಗೆ ಹೇಳಿದೆ. ಎತ್ಯೆಯ ಮುಖದಲ್ಲಿ ಎರಡು ದಿನದ ಮೇಲೆ ಸ್ವಲ್ಪ ಜೀವ ಬಂದಿತ್ತು. ಅವಳ ಲೆಕ್ಕ ಸರಳ. ಅಷ್ಟು ದೊಡ್ಡವರು ನನ್ನ ಮಗನ ಯೋಚನೆ ಮಾಡುತ್ತಿದ್ದಾರೆ ಅಂದಮೇಲೆ ಅವರಿಗೆ ಅವನ ಹೆಸರು ಬೇಕಲ್ಲ? ನೀನು ವಿದೇಶಿ, ಇಂಗ್ಲಿಷ್ ಬರುತ್ತದೆ, ಬರೆದುಕೊಡು.

ಮರುದಿನ ಮಗಳ ಲೆಕ್ಕದ ಪುಸ್ತಕದಿಂದ ಚೌಕುಳಿ ಹಾಳೆ ಹರಿದು ಬರೆದೆ. ಅವರಿಗೆ ಮನೆತನದ ಹೆಸರು ಅಂತಿಲ್ಲ. ಸ್ವಂತ ಹೆಸರು, ಮುಂದೆ ಅಪ್ಪನ ಹೆಸರು, ಅಷ್ಟೇ. ಬರೆಯುತ್ತಿರುವಾಗಲೇ ಪಕ್ಕದ ಮನೆಯವಳು ಬಂದಳು. ಅವಳ ಹಿಂದೆ ಇನ್ನಿಬ್ಬರು. ಬಿಳಿ ನೆಟೆಲಾ ಹೊದ್ದ ಹೆಂಗಸರು ಒಬ್ಬೊಬ್ಬರೇ ಅಡುಗೆಮನೆಗೆ ಬಂದು, ಹೆಸರು, ಅಪ್ಪನ ಹೆಸರು, ವಯಸ್ಸು, ಕೆಬೆಲೆ ಹೇಳಿ, ನಾನು ಬರೆದದ್ದನ್ನು ಓದಿಸಿ ಕೇಳಿ ಹೋದರು. ಹನ್ನೊಂದು ಆದವು. ಅತಿ ಚಿಕ್ಕವನಿಗೆ ಹದಿನೈದು. ಎತ್ಯೆ ಬುನ ಕಾಸಿದಳು. ಅವರ ಪದ್ಧತಿಯಲ್ಲಿ ಕಾಫಿ ಮೂರು ಸುತ್ತು ಕುಡಿಯಬೇಕು, ಅಬೋಲ್, ತೋನಾ, ಬರಕಾ. ಮೂರನೆಯದು ಆಶೀರ್ವಾದದ್ದು. ಅವತ್ತು ಮೂರನೆಯ ಸುತ್ತಿಗೆ ಯಾರೂ ಕೂರಲಿಲ್ಲ, ಕತ್ತಲಾಗುವ ಮುಂಚೆ ಮನೆ ಸೇರಬೇಕಿತ್ತು.

ಮುಂದಿನ ವಾರ ಒಂದು ರಾಯಭಾರ ಕಚೇರಿಗೆ ಹೋದೆ. ಯಾವುದು ಅಂತ ಬೇಡ. ಇವರಿಗೆ ಹೇಳಿರಲಿಲ್ಲ. ಡಾಲರಿನಲ್ಲಿ ಸಂಬಳ ಕೊಡುವ ಸರ್ಕಾರ, ಒಪ್ಪಂದ ಎರಡು ವರ್ಷದ್ದು, ಹೇಳಿದ್ದರೆ ಹೋಗಬೇಡ ಅನ್ನುತ್ತಿದ್ದರು, ಅಂದರೆ ನಾನು ಹೋಗುತ್ತಿರಲಿಲ್ಲ. ಗೇಟಿನಲ್ಲಿ ಒಂದು ತಾಸು ನಿಂತ ಮೇಲೆ ಒಬ್ಬ ಹುಡುಗಿ ಬಂದಳು, ಮೂವತ್ತೂ ಆಗಿರಲಿಲ್ಲ. ಒಳ್ಳೆಯವಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಹಾಳೆ ಓದಿ, ಇವರಲ್ಲಿ ಪಕ್ಷದ ಸದಸ್ಯರು ಯಾರಾದರೂ ಇದ್ದಾರಾ ಅಂತ ಕೇಳಿದಳು. ಇಲ್ಲ. ಪತ್ರಕರ್ತರು? ಇಲ್ಲ, ಓಣಿಯ ಹುಡುಗರು ಅಂದೆ. ಹಿಡಿದದ್ದಕ್ಕೆ ಕಾಗದ ಏನಾದರೂ ಇದೆಯಾ? ಇಲ್ಲ. ಇಂಥ ಪಟ್ಟಿ ಯಾವುದಾದರೂ ಸಂಸ್ಥೆಯ ಮೂಲಕ ಬಂದರೆ ಅನುಕೂಲ, ಮಾನವ ಹಕ್ಕುಗಳ ಮಂಡಳಿ ಇದೆಯಲ್ಲ, ಅಂದಳು. ಅಂದವಳಿಗೆ ತಾನು ಏನು ಹೇಳಿದೆ ಎಂದು ಆಮೇಲೆ ಹೊಳೆಯಿತು. ಅದನ್ನು ಕಟ್ಟಿದ ಮುದುಕ ಒಳಗಿದ್ದ. ಇಬ್ಬರೂ ಸುಮ್ಮನೆ ನಿಂತೆವು. ಒಳಗೆ ಹೋಗಿ ಹಾಳೆಯ ಜೆರಾಕ್ಸ್ ತೆಗೆದುಕೊಂಡು, ಮೂಲ ಪ್ರತಿಯನ್ನು ನನಗೇ ವಾಪಸ್ ಕೊಟ್ಟಳು. ಹಾಗಾಗಿ ಅದು ಇನ್ನೂ ನನ್ನ ಹತ್ತಿರ ಇದೆ. ಅಲ್ಲಿಂದ ಏನೂ ಬರಲಿಲ್ಲ.

ಅವಳಿಗೆ ಯೋಚನೆ ಹತ್ತಿರಲಿಲ್ಲ ಅಂತ ನಾನು ಹೇಳಲಾರೆ. ಹತ್ತಿತ್ತು. ಆದರೆ ರಾಯಭಾರಿಗಳ ಯೋಚನೆಗೆ ಹಿಡಿದುಕೊಳ್ಳಲು ಒಂದು ಹೆಸರು ಬೇಕು, ಅದೂ ಅವರಿಗೆ ಮೊದಲೇ ಗೊತ್ತಿರುವ ಹೆಸರು. ಬೆರ್ಹಾನು ನೆಗಾ ಅಮೆರಿಕದಲ್ಲಿ ಓದಿದವರು, ಅಲ್ಲಿ ಪಾಠವನ್ನೂ ಮಾಡಿದವರು. ಬಿರ್ತುಕಾನ್ ಮಿದೆಕ್ಸಾ ನ್ಯಾಯಾಧೀಶೆ. ಅವರ ಮೊಕದ್ದಮೆಗೆ ಐರೋಪ್ಯ ಒಕ್ಕೂಟ ತನ್ನ ವೀಕ್ಷಕ ವಕೀಲರನ್ನು ಕೂರಿಸಿತು. ದೇಶದ್ರೋಹ, ಅದರ ಮೇಲೆ "ನರಮೇಧದ ಪ್ರಯತ್ನ" ಅಂತ ಹಾಕಿದ್ದ ಆರೋಪ ನಗೆಪಾಟಲಾಗಿ ಬಿದ್ದುಹೋಯಿತು. 2007ರ ಜುಲೈಯಲ್ಲಿ ಜೀವಾವಧಿ ಶಿಕ್ಷೆ ಘೋಷಿಸಿದ ನಾಲ್ಕೇ ದಿನಕ್ಕೆ ಕ್ಷಮಾದಾನ ಕೊಟ್ಟು 38 ಜನರನ್ನು ಬಿಟ್ಟರು. ಬಿಡಿಸಿದ್ದು ರಾಯಭಾರಿಗಳೋ ಹಿರಿಯರೋ ಅಂತ ಅಲ್ಲಿ ಇನ್ನೂ ವಾದ ನಡೆಯುತ್ತದೆ. ಅವರಲ್ಲಿ ಶಿಮಾಗ್ಲೆ ಅಂತ, ನಮ್ಮ ಊರ ಪಂಚರ ಹಾಗೆ, ಜಗಳ ಬಿಡಿಸುವ ಹಿರಿಯರಿರುತ್ತಾರೆ. ಅಂಥ ಮುದುಕರು ಕಲೀತಿ ಜೈಲಿಗೂ ಪ್ರಧಾನಿಯ ಮನೆಗೂ ತಿಂಗಳುಗಟ್ಟಲೆ ಓಡಾಡಿದರು. ನನ್ನ ಮತ ಮುದುಕರಿಗೆ.

ದುಡ್ಡಿನ ಕಥೆಯೂ ಒಂದಿದೆ. 2005ರ ಡಿಸೆಂಬರಿನಲ್ಲಿ ದಾನಿ ದೇಶಗಳು ನೇರ ಬಜೆಟ್ ನೆರವು ನಿಲ್ಲಿಸಿದವು, 37.5 ಕೋಟಿ ಡಾಲರ್. ಬರೀ ಬಾಯಿಮಾತಲ್ಲ ಅಂತ ನಮಗೂ ಅನಿಸಿತು. ಆರು ತಿಂಗಳೊಳಗೆ ಅದೇ ದುಡ್ಡು "ಮೂಲಭೂತ ಸೇವೆಗಳ ರಕ್ಷಣೆ" ಎಂಬ ಹೆಸರಿನಲ್ಲಿ, ಜಿಲ್ಲೆಗಳಿಗೆ ಹೋಗುವ ದಾರಿಯಲ್ಲಿ, ಮತ್ತೆ ಬಂತು. ಬೈಯೋದು ಸುಲಭ. ಆದರೆ ಎತ್ಯೆ ಔಷಧಿ ತರುತ್ತಿದ್ದ ದವಾಖಾನೆಯ ನರ್ಸಿನ ಪಗಾರ ಅಂಥ ದುಡ್ಡಿನಿಂದಲೇ. ನಿಲ್ಲಿಸಿದ್ದರೆ ಮೆಲೆಸ್ ಊಟ ಬಿಡುತ್ತಿರಲಿಲ್ಲ. ಇನ್ನೊಂದು ಕಡೆ ನೋಡಿದರೆ, ಆತ ಆ ವರ್ಷದ ಜುಲೈಯಲ್ಲಷ್ಟೇ ಸ್ಕಾಟ್ಲೆಂಡಿನ ಗ್ಲೆನಿಗಲ್ಸ್‌ನಲ್ಲಿ ಜಿ8 ನಾಯಕರ ಜೊತೆ ಕೂತು ಬಂದವನು, ಬ್ರಿಟನ್ ಪ್ರಧಾನಿ ಬ್ಲೇರ್ ಕಟ್ಟಿದ ಆಫ್ರಿಕಾ ಆಯೋಗದ ಸದಸ್ಯ. 2006ರ ಕೊನೆಗೆ ಅವನ ಸೈನ್ಯ ಅಮೆರಿಕದ ಬೆಂಬಲದಿಂದ ಸೊಮಾಲಿಯಾದ ಮೊಗದಿಶುಗೆ ನುಗ್ಗಿತು. ಅಂಥವನ ಮೇಲೆ ಯಾರಿಗೆ ಎಷ್ಟು ದಿನ ಯೋಚನೆ? 2010ರ ಚುನಾವಣೆಯಲ್ಲಿ 547ರಲ್ಲಿ 545 ಸ್ಥಾನ ಅವನ ಪಕ್ಷಕ್ಕೂ ಅದರ ಗೆಳೆಯರಿಗೂ. ಆಗಲೂ ಪೇಪರಿನಲ್ಲಿ ಕಳವಳದ ಸಾಲು ಓದಿದೆ, ಹುಬ್ಬಳ್ಳಿಯಲ್ಲಿ ಕೂತು.

ನಮ್ಮ ಹುಡುಗ, ಎತ್ಯೆಯ ಮಗ, 2005ರ ಡಿಸೆಂಬರಿನ ಮೊದಲ ವಾರ ಬಂದ. ತಲೆ ಬೋಳಿಸಿದ್ದರು. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ. ಎರಡು ದಿನ ಮಲಗಿದ, ಮೂರನೇ ದಿನ ಚಳಿಜ್ವರ. ಶಾಲೆಗೆ ಮತ್ತೆ ಹೋಗಲಿಲ್ಲ. ಮರುವರ್ಷ ಮಿನಿಬಸ್ಸಿನ ವೆಯಾಲಾ ಆದ, ಫೆರೆನ್ಸಾಯ್ ಲೈನಿನಲ್ಲೇ. ಬೆಳಗಿನ ಒಂದು ಗಂಟೆಗೆ, ಅಂದರೆ ಏಳಕ್ಕೆ, ಅವನ ಕೂಗಿಗೇ ಎಷ್ಟೋ ಸಲ ನನಗೆ ಎಚ್ಚರವಾಗಿದೆ. ಅಲ್ಲಿ ಏನಾಯಿತು ಅಂತ ಅವನು ಹೇಳಲಿಲ್ಲ. ಒಮ್ಮೆ ಮಾತ್ರ, ಆ ಹಾಳೆ ಕೊಟ್ಟೆಯಂತೆ, ನನ್ನ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಸರಿ ಬರೆದಿದ್ದೆಯಾ ಅಂತ ಕೇಳಿದ.

ಇನ್ನು ನಮ್ಮಪ್ಪ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. 1974ರ ಮೇ 8ಕ್ಕೆ ಶುರುವಾದ ರೈಲ್ವೆ ಮುಷ್ಕರದಲ್ಲಿ ಒಳಗೆ ಹೋದ. ಕೆಲಸ ಹೋಯಿತು, ಕ್ವಾರ್ಟರ್ಸಿನಿಂದ ನಮ್ಮನ್ನು ಸಾಮಾನಿನ ಸಮೇತ ಹೊರಗೆ ಹಾಕಿದರು. ಎಂಟು ವರ್ಷದವಳು ನಾನು, ಮಳೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದೆ. ಮಧು ದಂಡವತೆ 1977ರಲ್ಲಿ ರೈಲ್ವೆ ಮಂತ್ರಿಯಾದ ಮೇಲೆ ಎಲ್ಲರಂತೆ ಅಪ್ಪನಿಗೂ ಕೆಲಸ ವಾಪಸ್ ಬಂತು. ನಡುವಿನ ಮೂರು ವರ್ಷ ಅವ್ವ ರೊಟ್ಟಿ ಬಡಿದು ಮಾರಿ ಮನೆ ನಡೆಸಿದಳು.

ಅಪ್ಪನಿಗೆ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅಂದರೆ ದೇವರು. ಮುಷ್ಕರ ನಡೆಸಿದ ಒಕ್ಕೂಟದ ಅಧ್ಯಕ್ಷ. ಎಮರ್ಜೆನ್ಸಿಯಲ್ಲಿ ಭೂಗತನಾಗಿ, ಸ್ಫೋಟದ ಸಂಚು ಎಂದು ಹೂಡಿದ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಪೊಲೀಸರಿಗೆ ಬೇಕಾಗಿ, 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದಾಗ ಅವರನ್ನು ಕೊಂದೇ ಹಾಕುತ್ತಾರೆ ಅಂತ ಗುಲ್ಲೆದ್ದಿತ್ತು. ಜರ್ಮನಿಯ ವಿಲ್ಲಿ ಬ್ರಾಂಟ್, ಸ್ವೀಡನ್ನಿನ ಓಲೊಫ್ ಪಾಲ್ಮೆ, ಆಸ್ಟ್ರಿಯಾದ ಬ್ರೂನೊ ಕ್ರೈಸ್ಕಿ, ಹಲವು ದೇಶಗಳ ಸಮಾಜವಾದಿ ಪಕ್ಷಗಳ ಒಕ್ಕೂಟವಾದ ಸೋಷಲಿಸ್ಟ್ ಇಂಟರ್‌ನ್ಯಾಷನಲ್‌ನ ಈ ಮೂವರು ಇಂದಿರಾ ಗಾಂಧಿಗೆ ಸಂದೇಶ ಕಳಿಸಿ ಎಚ್ಚರಿಸಿದರು. ಅಪ್ಪ ಇದನ್ನು ನೂರು ಸಲ ಹೇಳಿದ್ದಾನೆ. "ಜರ್ಮನ್ ಚಾನ್ಸೆಲರ್ ಆಗಿದ್ದಂವ ನಮ್ಮ ಜಾರ್ಜ್ ಸಾಹೇಬರ ಬಗ್ಗೆ ಕೇಳಿದಾ ನೋಡು!" ರೊಟ್ಟಿ ಬಡಿಯುತ್ತಲೇ ಅವ್ವ ಅನ್ನುತ್ತಿದ್ದಳು, "ನಿನ್ನ ಬಗ್ಗೆ ಯಾಂವ ಕೇಳ್ಯಾನ?"

ಜಾರ್ಜ್ ಬದುಕಿದರು, ಜೈಲಿನಿಂದಲೇ ಮುಜಫರ್‌ಪುರದಲ್ಲಿ ಗೆದ್ದರು. ಅಣ್ಣನ ಸುಳಿವು ಹೇಳು ಅಂತ ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಬಡಿದ ತಮ್ಮ ಲಾರೆನ್ಸ್‌ನ ಮೈ ಮತ್ತೆ ಮೊದಲಿನಂತಾಗಲಿಲ್ಲ. ಅದೇ ಪ್ರಕರಣದ ಜಾಡಿನಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಕ್ಕೆ ತೀರಿಕೊಂಡರು. ಬ್ರಾಂಟ್‌ಗೆ ಗೊತ್ತಿದ್ದದ್ದು ಒಂದು ಹೆಸರು. ಗೊತ್ತಿದ್ದ ಹೆಸರಿಗೆ ಆತ ಮಾಡಬೇಕಾದ್ದನ್ನು ಮಾಡಿದ, ಅದನ್ನು ಸಣ್ಣದು ಅನ್ನುವ ಧೈರ್ಯ ನನಗಿಲ್ಲ. ಅವ್ವನ ಪ್ರಶ್ನೆಯೂ ಹಾಗೇ ಇದೆ.

2008ರಲ್ಲಿ ಸಾಮಾನು ಕಟ್ಟಿಕೊಂಡು ಊರಿಗೆ ಬಂದೆವು. ಟ್ರಂಕು ಬಿಚ್ಚುವಾಗ ಚೌಕುಳಿ ಹಾಳೆ ನೆಟೆಲಾದ ಮಡಿಕೆಯಿಂದ ಜಾರಿತು. ಅಪ್ಪ ಆರಾಮ ಕುರ್ಚಿಯಲ್ಲಿ ಕೂತಿದ್ದ. ಏನದು ಅಂದ, ಹೇಳಿದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರು ಓದಿದ, ಹಾಜರಿ ಕರೆದಂತೆ, ಉಚ್ಚಾರ ಎಲ್ಲ ಹುಬ್ಬಳ್ಳಿ ಮಾಡಿ. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಎಲ್ಲಾರೂ ತಿರುಗಿ ಬಂದ್ರೇನವಾ?"

"ಹತ್ತು ಮಂದಿ ಬಂದ್ರು" ಅಂದೆ. ಹನ್ನೊಂದನೆಯವನು ಕೆನ್ಯಾಕ್ಕೆ ಓಡಿಹೋಗಿದ್ದಾನೆ ಅಂತ ಅವನ ಮನೆಯವರು ಹೇಳುತ್ತಿದ್ದರು. ಹಾಗೆ ಹೇಳುವಾಗ ಅವನ ಅವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ.

"ಯಾವಂವ?"

ತೋರಿಸಿದೆ. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮತ್ತೊಮ್ಮೆ ಓದಿದ, ಹುಡುಗನ ಹೆಸರು, ಅವನಪ್ಪನ ಹೆಸರು. ಅವ್ವನೂ ಒಂದು ಸಲ ಹೇಳಿ ನೋಡಿದಳು. ನಾಲಿಗೆ ತಿರುಗಲಿಲ್ಲ, ಇನ್ನೊಮ್ಮೆ ಹೇಳಿದಳು.